ಅನ್ನ ಉಗುಳುವ ಲೋಟ

ಅಕ್ಕಿಯ ಗುಣಮಟ್ಟ ಪರೀಕ್ಷಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವು ತರುಣ ತರುಣಿಯರು ಈಚೆಗೆ ನನ್ನ ಮನೆಗೆ ಬಂದಿದ್ದರು. ಭತ್ತ ಸಂಶೋಧನಾ ಕೇಂದ್ರದಲ್ಲಿ ನನ್ನ ಸೇವಾವಧಿಯೆಲ್ಲ ಅದೇ ಕೆಲಸದಲ್ಲಿ ಕಳೆದುದರಿಂದ, ಮೊದಲು ಯಾವ ಯಂತ್ರವನ್ನು ಕಲಿಯಬೇಕೆಂದು ಕೇಳಿದರು. ಮೊದಲು ಒಂದು ಸ್ಟೀಲ್ ಲೋಟವನ್ನು ಅರ್ಥಮಾಡಿಕೊಳ್ಳಿ ಎಂದೆ. ಹಿರಿಯರ ಮಾತಿಗೆ ನಗಬೇಕಾದಷ್ಟು ನಕ್ಕು, ಕಾಫಿ ಕುಡಿದು ಹೊರಟುಹೋದರು. ನಾನು ಹಾಸ್ಯ ಮಾಡಿರಲಿಲ್ಲ. ಆ ದಿನ ಹೇಳದೆ ಉಳಿದುದನ್ನು ಈಗ ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ದೊರೆಯಿತೆಂಬುದು ಇದರಲ್ಲಿಲ್ಲ. ಅದು ಅವರ ಉಪಯೋಗಕ್ಕೂ ಬಾರದು.

ಕಾಲನಿರ್ದೇಶದ ಬಗ್ಗೆ ಒಂದು ಮಾತು. ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿಗಳು ಒಪ್ಪುವವರೆಗೆ ಯಾವ ಇಸವಿಯನ್ನೂ ಬರೆಯಬಾರದೆಂದು ನನ್ನ ಮೇಲಧಿಕಾರಿಗಳಾಗಿದ್ದ ಡಾ. ಮರಿಸ್ವಾಮಿಯವರು ಕಲಿಸಿದ್ದರು. ಈ ಬರಹಕ್ಕಾಗಿ ಹಳೆಯ ಸಹೋದ್ಯೋಗಿಗಳನ್ನು ವಿಚಾರಿಸಿದೆ. ಒಬ್ಬರು ಮಗಳ ಮದುವೆಯಿಂದ ಲೆಕ್ಕ ಹಿಡಿದರು, ಇನ್ನೊಬ್ಬರು ನಾಲೆ ಒಡೆದ ವರ್ಷದಿಂದ; ಇಬ್ಬರ ಇಸವಿಗಳೂ ಕೂಡಲಿಲ್ಲ. ಆದ್ದರಿಂದ ಇಲ್ಲಿ ಹಂಗಾಮುಗಳೂ ಹಬ್ಬಗಳೂ ವಾರಗಳೂ ಇವೆ, ಇಸವಿಗಳಿಲ್ಲ.

ಲೋಟದ ಕಥೆಯನ್ನು ಒಂದು ಹೋಟೆಲಿನಿಂದ ಆರಂಭಿಸಬೇಕು.

ಮಂಡ್ಯದಲ್ಲಿ ನಮ್ಮ ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ, ಹಿಂದೆ ಹಾಲು ಮಾರುತ್ತಿದ್ದ ಮಳಿಗೆಯಲ್ಲಿ, ಒಂದು ಥಾಯ್ ಊಟದ ಹೋಟೆಲಿದೆ. ನಡೆಸುವವರು ಕೆರಗೋಡಿನ ಸಿದ್ದರಾಜು ಮತ್ತು ಆತನ ಹೆಂಡತಿ ಮಾಲಿ. ಸಿದ್ದರಾಜು ಬಹುಕಾಲ ಬ್ಯಾಂಕಾಕಿನ ಹೋಟೆಲೊಂದರ ಅಡುಗೆಮನೆಯಲ್ಲಿದ್ದವನು. ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಊರಿಗೆ ಕರೆತಂದ. ಮಾಲಿ ಎಂದರೆ ಅವರ ಭಾಷೆಯಲ್ಲಿ ಮಲ್ಲಿಗೆಯಂತೆ. ಆಕೆ ಕನ್ನಡ ಕಲಿತದ್ದು ಕೆರಗೋಡಿನ ಅತ್ತೆಯಿಂದ. ಹೀಗಾಗಿ ಆಕೆಯ ಮುಖ ನೋಡಿ ಇಂಗ್ಲಿಷಿನಲ್ಲಿ ಮಾತು ತೆಗೆದವರಿಗೆ, ‘ಅದೇನ್ ಬೇಕೋ ಕನ್ನಡದಾಗೇ ಏಳಿ ಸಾ’ ಎಂಬ ಉತ್ತರ ಸಿಗುತ್ತದೆ. ಹೋಟೆಲು ಆಯುಧಪೂಜೆಯ ದಿನ ಆರಂಭವಾಯಿತೆಂದು ಗಂಡ, ದೀಪಾವಳಿಯ ಮಾರನೆಯ ದಿನವೆಂದು ಹೆಂಡತಿ. ಆರಂಭದ ದಿನದ ಫೋಟೋದಲ್ಲಿ ಹೊಸಿಲಿನ ಮುಂದೆ ಕುಂಕುಮ ಹಚ್ಚಿ ಒಡೆದ ಬೂದುಗುಂಬಳಕಾಯಿ ಕಾಣುವುದರಿಂದ ನಾನು ಗಂಡನ ಪಕ್ಷ.

ಹೋಟೆಲು ದೊಡ್ಡದಲ್ಲ. ಮನೆಮಂದಿಯೆಲ್ಲ ಬಂದರೂ ಜೇಬು ಮುಟ್ಟಿಕೊಳ್ಳದೆ ಉಂಡುಹೋಗಬಹುದಾದ ದರ. ಸಂಜೆ ಕೊಪ್ಪದ ಕಡೆಯ ಹುಡುಗರು ಬೈಕುಗಳಲ್ಲಿ ಬಂದು ಕಡಲೆಬೀಜ ಉದುರಿಸಿದ ನೂಡಲ್ಸು ತಿನ್ನುತ್ತಾರೆ. ಭಾನುವಾರ ಮುತ್ತತ್ತಿಯಲ್ಲಿ ಹೊಳೆಯ ಸ್ನಾನ ಮುಗಿಸಿ ಆಂಜನೇಯನಿಗೆ ಕೈಮುಗಿದು ಹಿಂದಿರುಗುವ ಸಂಸಾರಗಳು ಒದ್ದೆ ಟವೆಲುಗಳ ಸಮೇತ ಇಳಿಯುತ್ತವೆ. ತೆಂಗಿನಹಾಲಿನ ಗ್ರೀನ್ ಕರಿಗೆ ಜನ ‘ಹಸಿರು ಸಾರು’ ಎಂದೇ ಹೆಸರಿಟ್ಟಿದ್ದಾರೆ. ಸಿದ್ದರಾಜು ತಿದ್ದಲು ಹೋಗಿಲ್ಲ.

ನಾನು ಮೊದಲ ಬಾರಿ ಹೋದಾಗ ಪಕ್ಕದ ಮೇಜಿನಲ್ಲಿ ಮದ್ದೂರಿನ ಕಡೆಯ ಹಿರಿಯರೊಬ್ಬರು ಕುಟುಂಬದೊಡನೆ ಕುಳಿತಿದ್ದರು. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಥಾಯ್ ದೇಶದ ಅಂಟು ಅನ್ನ ಬಂತು. ಅವರು ಅದನ್ನು ಪೂರ್ತಿ ಅಂಗೈಗೆ ಸುರಿದುಕೊಂಡು, ಉಂಡೆ ಕಟ್ಟಿ, ತುತ್ತು ಮುರಿದು, ಹಸಿರು ಸಾರಿನಲ್ಲಿ ಹೊರಳಿಸಿ ಗಂಟಲಿಗೆ ಇಳಿಸಿಬಿಟ್ಟರು. ಅರ್ಧದಲ್ಲಿ ನಿಂತಿತು. ಸಿದ್ದರಾಜು ನೀರು ಹಿಡಿದು ಓಡಿಬಂದ.

‘ಅಣ್ಣ, ಅದ್ನ ನುಂಗಬ್ಯಾಡಿ, ಅಗೀರಿ.’

ನೀರು ಕುಡಿದು ಕಣ್ಣೊರೆಸಿಕೊಂಡ ಮೇಲೆ ಅವರು ಕೇಳಿದರು: ‘ಮುದ್ದೆನ ಯಾವಾನ್ಲಾ ಅಗೀತಾನೆ?’

ಆ ಪ್ರಶ್ನೆ ನನ್ನನ್ನು ನೇರವಾಗಿ ನಮ್ಮ ಪ್ರಯೋಗಾಲಯದ ಮೊದಲ ರುಚಿಪರೀಕ್ಷೆಗೆ ಒಯ್ದಿತು.

ಆಗ ನಾನು ಕೆಲಸಕ್ಕೆ ಸೇರಿ ಒಂದು ಮುಂಗಾರು ಬೆಳೆಯೂ ಮುಗಿದಿರಲಿಲ್ಲ. ಹೊಸ ತಳಿಯ ಅಕ್ಕಿ ಇಳುವರಿಯಲ್ಲಿ ಎಷ್ಟೇ ಗೆದ್ದರೂ ಉಣ್ಣುವವರು ಒಪ್ಪದಿದ್ದರೆ ವ್ಯರ್ಥ. ಅದಕ್ಕಾಗಿ ಮರಿಸ್ವಾಮಿ ಸರ್ ರುಚಿ ನೋಡುವವರ ತಂಡವೊಂದನ್ನು ಕಟ್ಟಿದರು: ಕಚೇರಿಯ ಗುಮಾಸ್ತರು, ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು, ನಾವು ಕಿರಿಯ ಸಂಶೋಧಕರು. ಬಿಳಿಯ ತಟ್ಟೆಗಳಲ್ಲಿ ಬರಿಯ ಅನ್ನ, ಉಪ್ಪಿಲ್ಲ, ಸಾರಿಲ್ಲ. ತಳಿಯ ಹೆಸರಿನ ಬದಲು ತಟ್ಟೆಯ ಅಡಿಯಲ್ಲಿ ಗುರುತಿನ ಸಂಖ್ಯೆ. ಮಾತಾಡಬಾರದು. ಅಗಿದು, ನಾಲಗೆಯ ಮೇಲೆ ಹೊರಳಿಸಿ, ಮೃದುತ್ವ ಎಷ್ಟು, ಅಂಟು ಎಷ್ಟು ಎಂದು ಅಂಕ ಕೊಡಬೇಕು. ಬಳಿಕ ಅನ್ನವನ್ನು ಉಗುಳಿ, ಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಮುಂದಿನ ತಟ್ಟೆಗೆ ಹೋಗಬೇಕು. ಉಗುಳಲು ಪ್ರತಿಯೊಬ್ಬರ ಎಡಗಡೆಗೆ ಒಂದು ಸ್ಟೀಲ್ ಲೋಟ.

ಫಲಿತಾಂಶ ಬಂದಾಗ ಸರ್ ತಲೆಯ ಮೇಲೆ ಕೈಹೊತ್ತು ಕುಳಿತರು. ಮೊದಲ ತಟ್ಟೆಗಳಿಗೆಲ್ಲ ಪೂರ್ತಿ ಅಂಕ, ಕೊನೆಯವಕ್ಕೆಲ್ಲ ಕಡಿಮೆ. ಪರೀಕ್ಷಕರನ್ನೇ ಪರೀಕ್ಷಿಸಲು ಒಂದೇ ಅಕ್ಕಿಯನ್ನು ಬೇರೆ ಬೇರೆ ಸಂಖ್ಯೆಗಳಡಿ ಮೊದಲೂ ಕೊನೆಯಲ್ಲೂ ಇಟ್ಟಿದ್ದರು. ಅದು ಮೊದಲು ಉತ್ತಮವಾಗಿತ್ತು, ಕೊನೆಗೆ ಅಧಮವಾಗಿತ್ತು. ಲೋಟಗಳನ್ನು ನೋಡಿದರೆ ಒಂದರಲ್ಲೂ ಅಗುಳಿಲ್ಲ. ಯಾರೂ ಉಗುಳಿರಲಿಲ್ಲ, ಬಹಳ ಮಂದಿ ಅಗಿದೂ ಇರಲಿಲ್ಲ. ಮುದ್ದೆ ಉಂಡು ಬೆಳೆದ ಗಂಟಲುಗಳು, ಮೆತ್ತಗಿನದು ಏನು ಬಂದರೂ ನುಂಗಿಬಿಟ್ಟಿದ್ದವು. ಹಸಿದಾಗ ಚೆನ್ನಾಗಿತ್ತು, ಹೊಟ್ಟೆ ತುಂಬಿದ ಮೇಲೆ ಸಾಕಾಗಿತ್ತು. ನಾವು ಅಳೆದದ್ದು ಅಕ್ಕಿಯನ್ನಲ್ಲ, ಹಸಿವನ್ನು.

ಸರ್ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯವರು. ಆದರೆ ಪ್ರಯೋಗಾಲಯದಲ್ಲಿ ಅವರ ಬಾಯಿಂದ ಊರಿನ ಮಾತು ಹೊರಟದ್ದನ್ನು ನಾನು ಕೇಳಿರಲಿಲ್ಲ. ಅಲ್ಲಿ ಅವರದು ಅಳೆದ ಭಾಷೆ. ಆ ದಿನ ಎಲ್ಲರನ್ನೂ ನಿಲ್ಲಿಸಿ, ‘ನಾವಿಲ್ಲಿ ಊಟಕ್ಕೆ ಕುಳಿತಿಲ್ಲ. ದಯವಿಟ್ಟು ನುಂಗಬೇಡಿ’ ಎಂದರು.

ಕಳೆ ಕೀಳುವ ಹೆಂಗಸರ ಪೈಕಿ ಹಿರಿಯಳಾದ ಕೆಂಪಮ್ಮ ಮುಂದೆ ಬಂದಳು. ‘ಬಯ್ಯಂಗಿದ್ರೆ ಬಯ್ಯಿ ಸಾ. ಉಣ್ಣೋ ಅನ್ನ ಉಗುಳಕಾಯ್ತದಾ?’

ಸರ್ ಬೈಯಲಿಲ್ಲ. ಆ ಅನ್ನ ಚರಂಡಿಗೆ ಹೋಗುವುದಿಲ್ಲ, ಕೇಂದ್ರದ ಹಸುಗಳ ಕಲಗಚ್ಚಿನ ಬಾನಿಗೆ ಹೋಗುತ್ತದೆ ಎಂದು ಮಾತು ಕೊಟ್ಟರು. ಹಸುವಿನ ಬಾಯಿಗೆ ಹೋಗುವುದಾದರೆ ಅಡ್ಡಿಯಿಲ್ಲವೆಂದು ಹೆಂಗಸರು ಒಪ್ಪಿದರು. ಮುಂದಿನ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಸರ್ ತಾವೇ ಅಗಿದು ಉಗುಳಿ ತೋರಿಸಿದರು. ಕೆಂಪಮ್ಮ ತನ್ನ ಲೋಟವನ್ನು ಕಣ್ಣಿಗೊತ್ತಿಕೊಂಡು, ಗೋಡೆಯ ಕಡೆ ತಿರುಗಿ, ಉಗುಳಿದಳು. ಆಮೇಲೆ ನಿವೃತ್ತಳಾಗುವವರೆಗೂ ಕಣ್ಣಿಗೊತ್ತಿಕೊಳ್ಳದೆ ಆಕೆ ಒಂದು ಬಾರಿಯೂ ಉಗುಳಲಿಲ್ಲ. ಪರೀಕ್ಷೆಯ ದಿನ ಸಂಜೆ ಸರ್ ಲೋಟಗಳನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಬಾನಿಯವರೆಗೆ ತಾವೇ ಒಯ್ದು ಸುರಿಯುತ್ತಿದ್ದರು. ಕೊಟ್ಟ ಮಾತನ್ನು ಯಾರೂ ಪ್ರಶ್ನಿಸದಿದ್ದರೂ ಉಳಿಸಿಕೊಳ್ಳುವುದು ಹೇಗೆಂದು ನಾನು ಕಲಿತದ್ದು ಆ ನಡಿಗೆಯಿಂದ.

ಇನ್ನೊಂದು ಎಡವಟ್ಟು ಗೌರಿ-ಗಣೇಶ ಹಬ್ಬದ ಮಾರನೆಯ ದಿನದ್ದು. ಇದಕ್ಕೆ ಇಬ್ಬರು ಸಾಕ್ಷಿಗಳು ಒಪ್ಪಿದ್ದಾರೆ. ಅಂದು ಸುವಾಸನೆಯ ಪರೀಕ್ಷೆ. ಪ್ರತಿ ತಟ್ಟೆಯ ಮುಚ್ಚಳ ಸರಿಸಿ, ಮೂಸಿ, ಘಮವಿದೆಯೋ ಇಲ್ಲವೋ ಹೇಳಬೇಕು. ದಪ್ಪ ಊಟದಕ್ಕಿಯೂ ಸೇರಿದಂತೆ ಎಲ್ಲ ತಟ್ಟೆಗಳೂ ಘಮಘಮಿಸುತ್ತವೆಂದು ವರದಿಯಾಯಿತು. ಸರ್ ಎದ್ದು ಕೋಣೆಯನ್ನೆಲ್ಲ ಮೂಸುತ್ತ ಸುತ್ತಿ, ಕೊನೆಗೆ ಹೆಂಗಸರ ಸಾಲಿನ ಹಿಂದೆ ನಿಂತರು. ಹಬ್ಬದ ಮರುದಿನವೆಂದು ನಾವು ಹೆಂಗಸರೆಲ್ಲ ಮೊಳಗಟ್ಟಲೆ ಮಲ್ಲಿಗೆ ಮುಡಿದಿದ್ದೆವು. ಹೂ ತೆಗೆಯಲೇಬೇಕಾಯಿತು. ಕೆಲವರ ಕಣ್ಣು ತುಂಬಿತು. ಆದರೆ ಸಂಜೆ ಹೊರಡುವಾಗ ನೋಡಿದರೆ, ಪ್ರತಿಯೊಬ್ಬರ ಹೂವೂ ಒಂದೊಂದು ಗಾಜಿನ ತಟ್ಟೆಯಲ್ಲಿ, ನೀರು ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿ, ಬಾಗಿಲ ಬಳಿ ಸಾಲಾಗಿ ಇಟ್ಟಿತ್ತು. ಯಾರು ಇಟ್ಟರೆಂದು ಯಾರೂ ಕೇಳಲಿಲ್ಲ.

ಆಮೇಲೆ ಯಂತ್ರಗಳು ಬಂದವು. ಘಮ ಎಷ್ಟಿದೆಯೆಂದು ಗೆರೆ ಎಳೆದು ತೋರಿಸುವ ಯಂತ್ರ, ಬೆಂದ ಅಗುಳನ್ನು ಒತ್ತಿ ಎಷ್ಟು ಮೆತ್ತಗಿದೆಯೆಂದು ಹೇಳುವ ಯಂತ್ರ. ನಾನು ಅವನ್ನು ಸ್ವಾಗತಿಸಿದವಳೇ. ಅವು ಹಬ್ಬದ ಮರುದಿನ ಹೂ ಮುಡಿದು ಬರುವುದಿಲ್ಲ. ರುಚಿಪರೀಕ್ಷೆ ಕ್ರಮೇಣ ವರ್ಷಕ್ಕೊಮ್ಮೆಯ ಶಾಸ್ತ್ರವಾಗಿ, ಸರ್ ನಿವೃತ್ತರಾದ ಮೇಲೆ ನಿಂತೇಹೋಯಿತು. ನನ್ನ ಕಿರಿಯ ಸ್ನೇಹಿತರಿಗೆ ಹೇಳಬೇಕಾದದ್ದು ಇಷ್ಟೆ: ಅಗುಳು ಎಷ್ಟು ಮೆದುವೆಂದು ಯಂತ್ರ ಖಚಿತವಾಗಿ ಹೇಳುತ್ತದೆ. ಉಣ್ಣುವವನು ಎರಡನೆಯ ತುತ್ತಿಗೆ ಕೈಹಾಕುತ್ತಾನೋ ಇಲ್ಲವೋ, ಅದು ಹೇಳುವುದಿಲ್ಲ.

ಈ ಎರಡನೆಯ ತುತ್ತಿನ ಪ್ರಶ್ನೆ ನನಗೆ ನಿವೃತ್ತಿಯ ಅನಂತರ, ಯಾವ ಪ್ರಯೋಗಾಲಯವೂ ಇಲ್ಲದಾಗ ಎದುರಾಯಿತು.

ಸರ್ ಈಗ ಮದ್ದೂರಿನಲ್ಲಿ ಮಗಳು ವಸುಧಾಳ ಮನೆಯಲ್ಲಿದ್ದಾರೆ. ಆಕೆ ಅಲ್ಲಿಯೇ ಶಾಲಾ ಶಿಕ್ಷಕಿ. ಕಬ್ಬು ಅರೆಯುವ ಹಂಗಾಮು ಶುರುವಾದ ಹೊತ್ತಿನಲ್ಲಿ ಸರ್‌ಗೆ ಜ್ವರ ಬಂದು ಇಳಿಯಿತು. ಜ್ವರದ ಜೊತೆಗೆ ಮೂಗೂ ಹೋಯಿತು. ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಸಾಗುತ್ತಿದ್ದರೂ ವಾಸನೆಯೇ ಬರುತ್ತಿಲ್ಲವಲ್ಲ ಎಂದು ಅವರು ಅಂದದ್ದರಿಂದಲೇ ಮನೆಯವರಿಗೆ ತಿಳಿದದ್ದು. ವಾಸನೆ ಮರಳಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರಂತೆ ವೈದ್ಯರು. ಅಂದಿನಿಂದ ಸರ್ ಊಟ ಕಡಿಮೆ ಮಾಡುತ್ತ ಬಂದು ಬಹುಪಾಲು ಬಿಟ್ಟೇಬಿಟ್ಟರು. ವಸುಧಾ ಫೋನ್ ಮಾಡಿದಾಗ ಅವಳ ದನಿ ಸರಿಯಿರಲಿಲ್ಲ.

‘ತಟ್ಟೆ ಮುಂದೆ ಕೂತ್ಕೋತಾರೆ ಆಂಟಿ. ಒಂದು ತುತ್ತು ಬಾಯಿಗಿಟ್ಕೊಂಡು ಯೋಚ್ನೆ ಮಾಡ್ತಾರೆ, ಸಾಕು ಅಂತಾರೆ. ಇಂಗೇ ಆದ್ರೆ ಅಡ್ಮಿಟ್ ಮಾಡ್ಕೊಂಡು ಮೂಗಲ್ಲಿ ಪೈಪ್ ಹಾಕಿ ಊಟ ಕೊಡ್ಬೇಕಾಗ್ತದೆ ಅಂದವ್ರೆ ಡಾಕ್ಟ್ರು. ನಿಮ್ ಮಾತಾದ್ರೆ ಕೇಳ್ತಾರೆ.’

ನಾನು ಶನಿವಾರ ಮಧ್ಯಾಹ್ನ ಅವರನ್ನು ಮಾಲಿಯ ಹೋಟೆಲಿಗೆ ಕರೆತರುವಂತೆ ಹೇಳಿದೆ. ನನ್ನದೊಂದು ತರ್ಕವಿತ್ತು. ಮಾಲಿ ಅನ್ನಕ್ಕೆ ಹಾಕುವ ಹಸಿರು ಎಲೆಯೊಂದಿದೆ. ನಮ್ಮ ಕೇದಗೆಯ ಕುಲದ್ದು. ಸುವಾಸನೆಯ ಅಕ್ಕಿಯಲ್ಲಿರುವ ಘಮದ್ರವ್ಯವೇ ಆ ಎಲೆಯಲ್ಲೂ ಇದೆ, ಅಕ್ಕಿಗಿಂತ ಹಲವು ಪಟ್ಟು ಹೆಚ್ಚು. ಜೀವಮಾನವೆಲ್ಲ ಆ ಒಂದು ಘಮವನ್ನು ಹುಡುಕಿದ ಮೂಗು ಅದನ್ನಾದರೂ ಗುರುತಿಸೀತೆಂದು ನಂಬಿದೆ. ಮಾಲಿ ಎಲೆಯನ್ನು ಧಾರಾಳವಾಗಿ ಹಾಕಿ ಅನ್ನ ಮಾಡಿದಳು. ಬಾಗಿಲವರೆಗೂ ಘಮ ಬರುತ್ತಿತ್ತು.

ಸರ್ ಮುಚ್ಚಳವನ್ನು ಹಳೆಯ ಅಭ್ಯಾಸದಂತೆ ಓರೆಯಾಗಿ ಸರಿಸಿ ಬಾಗಿದರು. ಕಾದರು. ಮುಖ ಎತ್ತಿ, ಗಾಳಿ ಬದಲಾಗಲಿ ಎಂಬಂತೆ ನಿಂತು, ಮತ್ತೊಮ್ಮೆ ಬಾಗಿದರು. ಆಮೇಲೆ ತಾವೇ ಮುಚ್ಚಳ ಮುಚ್ಚಿದರು.

‘ಏನೂ ಇಲ್ಲ, ಜಯಲಕ್ಷ್ಮಿ. ಬಿಸಿ ಮಾತ್ರ ಇದೆ.’

ಅವರು ಊಟ ಮಾಡದೆ ಹೊರಟರು. ಮಾಲಿ ನನ್ನ ಬಳಿ ಬಂದು, ತನ್ನ ಅನ್ನ ಕೆಟ್ಟುಹೋಗಿತ್ತೇ ಎಂದು ಮೆಲ್ಲಗೆ ಕೇಳಿದಳು. ಅಲ್ಲವೆಂದು ಕಾರಣ ವಿವರಿಸಿದೆ. ಆಕೆ ಬಹಳ ಹೊತ್ತು ಆ ಅನ್ನವನ್ನು ತೆಗೆಯದೆ ಮೇಜಿನ ಮೇಲೆಯೇ ಬಿಟ್ಟಿದ್ದಳು.

ಮನೆಗೆ ಬಂದು ಶಾಂತವಾಗಿ ಯೋಚಿಸಿದಾಗ ನನ್ನ ಪ್ರಯೋಗ ತಲೆಕೆಳಗಾಗಿತ್ತೆಂದು ಹೊಳೆಯಿತು. ಇಲ್ಲವಾದದ್ದರ ಬಾಗಿಲನ್ನು ತಟ್ಟಿದ್ದೆ. ಮೂಗು ಹೋದರೂ ನಾಲಗೆಗೆ ಹುಳಿ, ಸಿಹಿ, ಉಪ್ಪು ತಿಳಿಯುತ್ತವೆ, ಖಾರ ಸುಡುತ್ತದೆ, ಹಲ್ಲಿಗೆ ಗರಿಗರಿ ತಿಳಿಯುತ್ತದೆ. ಇವೆಲ್ಲವನ್ನೂ ಒಂದೇ ತುತ್ತಿನಲ್ಲಿ ಕೊಡುವ ಪದಾರ್ಥ ನಮ್ಮ ಅಡ್ಡರಸ್ತೆಯಲ್ಲೇ ಇತ್ತು: ಪರಂಗಿಕಾಯಿಯ ಕೋಸಂಬರಿ. ಹಸಿ ಪರಂಗಿಯ ಎಳೆಗಳನ್ನು ಹಸಿಮೆಣಸು, ನಿಂಬೆ, ಉಪ್ಪು, ಕಡಲೆಬೀಜದೊಡನೆ ಮರದ ಒರಳಲ್ಲಿ ಹಗುರವಾಗಿ ಕುಟ್ಟುತ್ತಾರೆ. ಅವರ ಊರಿನಲ್ಲಿ ತಾಳೆಬೆಲ್ಲವಂತೆ. ಇಲ್ಲಿ ಮಾಲಿ ಆಲೆಮನೆಯ ಬೆಲ್ಲ ಹಾಕುತ್ತಾಳೆ.

ಮರುವಾರ ಸರ್ ಅದನ್ನು ಬಾಯಿಗಿಟ್ಟಾಗ ಕಿವಿಗಳು ಕೆಂಪಾದವು. ಕಣ್ಣಲ್ಲಿ ನೀರು ಬಂತು. ‘ಇದು ಗೊತ್ತಾಯಿತು’ ಎಂದರು. ಸಿದ್ದರಾಜು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಮಾಲಿ ಒನಕೆ ಹಿಡಿದೇ ನಿಂತಿದ್ದಳು, ವಸುಧಾ ತನ್ನ ತಟ್ಟೆ ಮುಟ್ಟದೆ ತಂದೆಯನ್ನೇ ನೋಡುತ್ತಿದ್ದಳು. ಅವರು ಅರ್ಧ ತಟ್ಟೆ ತಿಂದರು. ಗೆದ್ದೆವೆಂದುಕೊಂಡೆವು.

ಅದರ ಮುಂದಿನ ವಾರ ಅದೇ ಕೋಸಂಬರಿಯನ್ನು ಅವರು ಪಕ್ಕಕ್ಕೆ ಸರಿಸಿದರು. ಖಾರ ಹೆಚ್ಚಾಯಿತೇ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು.

‘ನೀವೆಲ್ಲ ನನ್ನ ಬಾಯನ್ನೇ ನೋಡುತ್ತ ನಿಂತಿದ್ದೀರಿ. ನಾನೇ ಈಗ ಸ್ಯಾಂಪಲ್ ಆಗಿಬಿಟ್ಟಿದ್ದೇನಲ್ಲ, ಜಯಲಕ್ಷ್ಮಿ.’

ಆಮೇಲಿನ ಶನಿವಾರಗಳಲ್ಲಿ ಅವರು ಬರಲೊಪ್ಪಲಿಲ್ಲ. ಅಂಗಿಯ ಕಾಲರಿನೊಳಗೆ ಕತ್ತು ಸಣ್ಣದಾಗಿ ಕಾಣುತ್ತಿದೆಯೆಂದು ವಸುಧಾ ಹೇಳಿದಳು. ಕೊನೆಗೆ ಮುಂದಿನ ಸೋಮವಾರ ಆಸ್ಪತ್ರೆಗೆ ಸೇರಿಸುವುದೆಂದು ನಿಶ್ಚಯವೂ ಆಯಿತು.

ಅದೇ ವಾರ ಮಾಲಿಗೆ ತನ್ನದೇ ಆದ ಚಿಂತೆಯೊಂದು ಬಂದಿತ್ತು. ಆಕೆ ತರಿಸುತ್ತಿದ್ದ ಥಾಯ್ ಅಕ್ಕಿಯ ಪೂರೈಕೆ ನಿಂತುಹೋಗಿತ್ತು. ಅಂಗಡಿಯಲ್ಲಿ ಸಿಕ್ಕ ಅಕ್ಕಿಗಳನ್ನು ಬೇಯಿಸಿ ನೋಡಿದರೆ ಒಂದು ಹಸಿರು ಸಾರಿನಲ್ಲಿ ಉದುರುದುರಾಗಿ ಓಡಿಹೋಗುತ್ತಿತ್ತು, ಇನ್ನೊಂದು ಗಂಜಿಯಾಗುತ್ತಿತ್ತು. ನಾನು ಊಟಕ್ಕೆ ಹೋದಾಗ ಆಕೆ ಎದುರು ಕುಳಿತು ದೂರಿದಳು.

‘ಸುತ್ತಾ ಗದ್ದೆ ಮಡಿಕೊಂಡಿದ್ದೀರಿ. ನಂಗೊಂದು ಅಕ್ಕಿ ಆರ್ಸಿ ಕೊಡಕಾಗಕಿಲ್ವಾ ಮೇಡಮ್ಮೋರೆ?’

ನಾನು ಊಟ ಅರ್ಧಕ್ಕೆ ನಿಲ್ಲಿಸಿ, ಕೈತೊಳೆದು, ಅಲ್ಲಿಂದಲೇ ಸರ್‌ಗೆ ಫೋನ್ ಮಾಡಿದೆ. ಊಟದ ಮಾತೆತ್ತಲಿಲ್ಲ. ಹೋಟೆಲೊಂದಕ್ಕೆ ಸ್ಥಳೀಯ ಅಕ್ಕಿ ಆಯ್ಕೆಯಾಗಬೇಕಿದೆ. ಘಮವನ್ನು ನಾನು ನೋಡಿಕೊಳ್ಳುತ್ತೇನೆ. ಅಂಟು, ಮೃದುತ್ವಗಳ ಬಗ್ಗೆ ನನ್ನ ಬೆರಳಿನ ಮೇಲೆ ನನಗೆ ಮೊದಲಿನ ನಂಬಿಕೆಯಿಲ್ಲ ಎಂದೆ. ಇದು ಸುಳ್ಳಲ್ಲ, ಬೆರಳುಗಳಲ್ಲಿ ಸಂಧಿವಾತವಿದೆ. ನಿಮ್ಮ ಮೂಗು ಬೇಡ ಸರ್, ಬೆರಳೂ ಹಲ್ಲೂ ಸಾಕು ಎಂದೆ.

ಆ ಕಡೆಯಿಂದ ಪ್ರಶ್ನೆ ಬಂತು.

‘ತಟ್ಟೆಗಳು ಬಿಳಿಯವೇ?’

ಆ ಶನಿವಾರ ಮಧ್ಯಾಹ್ನದ ಊಟದವರು ಹೋದ ಮೇಲೆ ಸಿದ್ದರಾಜು ರೋಲಿಂಗ್ ಶಟರನ್ನು ಅರ್ಧ ಇಳಿಸಿದ. ಪಕ್ಕದ ಪಾತ್ರೆ ಅಂಗಡಿಯಿಂದ ಬಿಳಿಯ ತಟ್ಟೆಗಳನ್ನು ತಂದಿದ್ದ. ಹೋಟೆಲಿನ ತಟ್ಟೆಗಳಲ್ಲಿ ಹೂವಿನ ಚಿತ್ರಗಳಿದ್ದವು. ರಾಜಮುಡಿಯೂ ಸೇರಿದಂತೆ ನಾನು ಆರಿಸಿ ತರಿಸಿದ ಸುತ್ತಲಿನ ಅಕ್ಕಿಗಳನ್ನು ಮಾಲಿ ಒಂದೇ ಹದದಲ್ಲಿ ಬೇಯಿಸಿದ್ದಳು. ಸರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಕಾಲರು ನಿಜವಾಗಿಯೂ ದೊಡ್ಡದಾಗಿತ್ತು. ಕುಳಿತುಕೊಳ್ಳದೆ ಮೊದಲು ಮೇಜುಗಳ ಸುತ್ತ ನಡೆದು, ಫ್ಯಾನು ನಿಲ್ಲಿಸಿದರು, ನೀರು ಬೆಚ್ಚಗಿದೆಯೇ ಎಂದು ಲೋಟ ಮುಟ್ಟಿ ನೋಡಿದರು. ಮಾಲಿಯ ಬಳಿ ಬಂದಾಗ ನಿಂತರು. ಆಕೆ ಶನಿವಾರದ ಪೂಜೆ ಮುಗಿಸಿ ಮಲ್ಲಿಗೆ ಮುಡಿದಿದ್ದಳು. ವಾಸನೆ ಅವರಿಗೆ ತಿಳಿಯುವಂತಿರಲಿಲ್ಲ, ಕಣ್ಣಿಗೆ ಕಂಡಿತ್ತು.

‘ಹೂ ತೆಗೀಬೇಕಮ್ಮ. ಮೇಡಂ ಅವರ ಮೂಗಿಗೆ ಅಡ್ಡ ಬರುತ್ತೆ.’

ಮಾಲಿ ನನ್ನ ಮುಖ ನೋಡಿ ಹೂ ತೆಗೆದುಕೊಟ್ಟಳು. ಸರ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ, ಅಡುಗೆಮನೆಯಲ್ಲಿ ಒಂದು ಬಟ್ಟಲಲ್ಲಿಟ್ಟು, ಮೇಲೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿದರು. ಆ ಹಳೆಯ ಹಬ್ಬದ ಮರುದಿನ ನಮ್ಮ ಹೂಗಳನ್ನು ಮುಚ್ಚಿಟ್ಟವರು ಯಾರೆಂಬ ಪ್ರಶ್ನೆಗೆ ಸಾಕ್ಷಿ ಅಂದು ದೊರೆಯಿತು.

ಪ್ರತಿಯೊಬ್ಬರ ಎಡಗಡೆಗೂ ನಾನು ಒಂದು ಸ್ಟೀಲ್ ಲೋಟ ಇಟ್ಟಿದ್ದೆ. ಸರ್ ನಿಯಮಗಳನ್ನು ಹೇಳಿದರು. ಪ್ರಯೋಗಾಲಯದ ಅದೇ ಅಳೆದ ಭಾಷೆ. ಮಾತಾಡಬಾರದು, ಪಕ್ಕದವರ ಮುಖ ನೋಡಬಾರದು, ಅಗಿಯಬೇಕು, ಉಗುಳಬೇಕು. ನಾವಿಲ್ಲಿ ಊಟಕ್ಕೆ ಕುಳಿತಿಲ್ಲ. ಅವರವರ ತಟ್ಟೆಯನ್ನಷ್ಟೆ ನೋಡಬೇಕೆಂದ ಮೇಲೆ ನಾವು ಯಾರೂ ಅವರ ಬಾಯಿಯನ್ನು ನೋಡುವಂತಿರಲಿಲ್ಲ.

ಮೊದಲ ತಟ್ಟೆಯಲ್ಲೇ ಸಿದ್ದರಾಜುವಿನ ಗಂಟಲು ಸದ್ದು ಮಾಡಿತು.

‘ಏನಯ್ಯಾ, ನುಂಗಿಬಿಟ್ಟೆಯಾ?’

‘ಅಬ್ಯಾಸ ಸಾ. ಗಂಟ್ಲು ನನ್ ಮಾತು ಕೇಳಕಿಲ್ಲ.’

ವಸುಧಾ ನಕ್ಕಳು, ಸರ್ ಆಕೆಯನ್ನು ಗದರಿಸಿದರು. ಆಮೇಲೆ ಕೋಣೆಯಲ್ಲಿ ತಟ್ಟೆಗಳ ಸದ್ದು ಬಿಟ್ಟರೆ ಬೇರೇನಿಲ್ಲ. ನಾನು ನನ್ನ ತಟ್ಟೆಯ ಮೇಲೆ ಬಾಗಿ ಮೂಸುತ್ತಿದ್ದೆ. ಕಣ್ಣಂಚಿನಲ್ಲಿ ಅವರ ಬೆರಳುಗಳಷ್ಟೆ ಕಾಣುತ್ತಿದ್ದವು: ಒಂದು ಅಗುಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ, ಬಿಡಿಸಿ, ಮತ್ತೆ ಒತ್ತಿ. ಒಂದು ತಟ್ಟೆ ಮುಗಿದು ಮುಂದಿನದು. ಆಮೇಲೆ ಹಿಂದಿನದಕ್ಕೇ ಕೈ ಹೋಗಿ, ಹೋಲಿಸಿ ನೋಡಲು ಇನ್ನೊಂದು ಚೂರು. ರಾಜಮುಡಿಯ ತಟ್ಟೆಗೆ ಆ ಕೈ ಹಲವು ಬಾರಿ ಬಂತು.

ಅಂಕಗಳು ಮುಗಿದ ಮೇಲೆ ಹಳೆಯ ರೂಢಿಯಂತೆ ಲೋಟಗಳನ್ನು ಒಟ್ಟು ಮಾಡಲು ಎದ್ದೆ. ಬೀದಿಯ ಕೊನೆಯಲ್ಲಿ ಹಸು ಕಟ್ಟಿರುವ ಮನೆಯೊಂದಿದೆ. ಅವರ ಕಲಗಚ್ಚಿನ ಬಾನಿಗೆ ಸುರಿಯುವುದೆಂದು ಮೊದಲೇ ಹೇಳಿಟ್ಟಿದ್ದೆ. ಮಾಲಿಯ ಲೋಟದಲ್ಲಿ ಅನ್ನವಿತ್ತು. ವಸುಧಾಳದರಲ್ಲಿ ಇತ್ತು. ಸಿದ್ದರಾಜುವಿನದರಲ್ಲಿ, ಅವನ ಪ್ರಾಮಾಣಿಕ ಪ್ರಯತ್ನಕ್ಕೆ ಸಾಕ್ಷಿಯಾಗಿ, ಒಂದಿಷ್ಟು. ಸರ್ ಮುಂದಿನ ಲೋಟವನ್ನು ಎತ್ತಿದೆ. ಹಗುರವಾಗಿತ್ತು. ಒಳಗೆ ಒಂದು ಅಗುಳೂ ಇಲ್ಲ. ತೊಳೆದಿಟ್ಟಾಗ ಎಷ್ಟು ಹೊಳೆಯುತ್ತಿತ್ತೋ ಅಷ್ಟೇ ಹೊಳೆಯುತ್ತಿತ್ತು.

ಅವರ ತಟ್ಟೆಗಳನ್ನು ನೋಡಿದೆ. ರಾಜಮುಡಿಯ ತಟ್ಟೆ ಬರಿದಾಗಿತ್ತು. ಉಳಿದವೂ ಹೆಚ್ಚುಕಡಿಮೆ ಹಾಗೇ.

ವಸುಧಾ ನನ್ನ ಕೈಯಲ್ಲಿದ್ದ ಲೋಟವನ್ನೂ ತಂದೆಯ ತಟ್ಟೆಗಳನ್ನೂ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಯ ಕಡೆ ಹೋದಳು. ನಾನು ಏನಾದರೂ ಹೇಳಲೇಬೇಕಿತ್ತು. ಲೋಟವನ್ನು ಮೇಜಿನ ಮೇಲಿಟ್ಟು, ‘ಸರ್, ನೀವು ನುಂಗಿದ್ದೀರಿ’ ಎಂದೆ.

ಅವರು ಲೋಟದೊಳಗೆ ಇಣುಕಿ ನೋಡಿದರು. ಆ ಮೇಲಿನ ಮಾತು, ಅಷ್ಟು ವರ್ಷಗಳ ಒಡನಾಟದಲ್ಲಿ ನಾನು ಅವರ ಬಾಯಿಂದ ಎಂದೂ ಕೇಳದಿದ್ದ ಮಳವಳ್ಳಿಯ ಮಾತಾಗಿತ್ತು.

‘ಅನ್ನ ಕಣವ್ವ ಅದು. ಉಗುಳಕಾಯ್ತದಾ?’

ಮಾಲಿ ಎದ್ದು ಹೋಗಿ ಒರಳಿನ ಮುಂದೆ ಕುಳಿತಳು. ಸ್ವಲ್ಪ ಹೊತ್ತಿನಲ್ಲಿ ಪರಂಗಿಕಾಯಿ ಕುಟ್ಟುವ ಸದ್ದು ಕೇಳಿತು. ಸರ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ತಮ್ಮ ಅಳೆದ ಭಾಷೆಗೆ ಮರಳಿದರು. ಪರೀಕ್ಷಕರಲ್ಲೊಬ್ಬರು ಮಾದರಿಯನ್ನು ನುಂಗಿರುವುದರಿಂದ ನಿಯಮದ ಪ್ರಕಾರ ಈ ಪರೀಕ್ಷೆ ರದ್ದಾಗಿದೆ, ಮುಂದಿನ ಶನಿವಾರ ಪುನಃ ನಡೆಸತಕ್ಕದ್ದು ಎಂದರು.

ಸೋಮವಾರ ಅವರನ್ನು ಆಸ್ಪತ್ರೆಗೆ ಸೇರಿಸಲಿಲ್ಲ. ಮುಂದಿನ ಶನಿವಾರ ಪರೀಕ್ಷೆ ನಡೆಯಿತು. ಅದೂ ಅದೇ ಕಾರಣಕ್ಕೆ ರದ್ದಾಯಿತು, ಅದರ ಮುಂದಿನದೂ. ವಾಸನೆ ಅವರಿಗೆ ಇನ್ನೂ ಮರಳಿಲ್ಲ. ಮಾಲಿ ಸದ್ಯಕ್ಕೆ ಹಸಿರು ಸಾರಿಗೆ ರಾಜಮುಡಿಯನ್ನೇ ಬೇಯಿಸುತ್ತಿದ್ದಾಳೆ, ಮುತ್ತತ್ತಿಯಿಂದ ಬರುವವರು ಕೇಳಿ ಹಾಕಿಸಿಕೊಳ್ಳುತ್ತಿದ್ದಾರೆ. ಆದರೆ ಅಕ್ಕಿಯ ಅಧಿಕೃತ ಆಯ್ಕೆ ಈ ಸಾಲುಗಳನ್ನು ಬರೆಯುವ ಹೊತ್ತಿಗೂ ಆಗಿಲ್ಲ. ಪ್ರತಿ ಶನಿವಾರ ಶಟರು ಅರ್ಧ ಇಳಿಯುತ್ತದೆ, ಬಿಳಿಯ ತಟ್ಟೆಗಳು ಬರುತ್ತವೆ, ಸರ್ 'ದಯವಿಟ್ಟು ನುಂಗಬೇಡಿ' ಎನ್ನುತ್ತಾರೆ, ನಾನು ಅವರ ಎಡಗಡೆಗೆ ಒಂದು ಲೋಟ ಇಡುತ್ತೇನೆ.